ನಿದಾನ ಮತ್ತು ನಿಧಾನ

ಕನ್ನಡದ ‘ನಿದಾನ’ ಮತ್ತು ‘ನಿಧಾನ’ ಎಂಬ ಪದಗಳ ನಡುವಣ ಅಂತರ ಒಂದು ಮಹಾಪ್ರಾಣದ್ದು ಮಾತ್ರ. ಮೊದಲನೆಯದಕ್ಕೆ ಮೂಲಕಾರಣ, ರೋಗವನ್ನು ಗುರುತಿಸುವ ಕ್ರಮ ಎಂಬ ಅರ್ಥಗಳಿವೆ. ಎರಡನೆಯದು ಇಂದಿನ ಬಳಕೆಯಲ್ಲಿ ಸಾವಕಾಶವನ್ನು ಸೂಚಿಸುತ್ತದೆ. ಹಳೆಯ ಬಳಕೆಯಲ್ಲಿ ನೆಲದೊಳಗೆ ಹುದುಗಿರುವ ನಿಧಿಯನ್ನೂ ಸೂಚಿಸುತ್ತಿತ್ತು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿ, ಅರ್ಬುದಗಳ ಲಕ್ಷಣಗಳನ್ನು ವಿವರಿಸುವ ಒಂದು ಅಧ್ಯಾಯವಿದೆ. ಅಲ್ಲಿಯ ಅರ್ಬುದವು ಬಹುಮಟ್ಟಿಗೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ಊತ. ಕೈಗೆ ಸಿಗದೆ ಒಳಗೇ ಹುದುಗಿದ ಗಡ್ಡೆಯ ನಿದಾನ ಎಷ್ಟು ನಿಧಾನವಾಗಬಲ್ಲದು ಎಂಬುದಕ್ಕೆ ಜರ್ಮನಿಯ ಫ್ರೈಬುರ್ಗ್ ನಗರದ ಒಂದು ಪ್ರಕರಣ ಸಾಕ್ಷಿಯಾಗಿದೆ.

ಮಿನ್ನಾ ರೋಲ್ ಎಂಬ 18 ವರ್ಷದ ಯುವತಿಗೆ ಇದ್ದಕ್ಕಿದ್ದಂತೆ ಎದೆ ಡವಗುಟ್ಟುತ್ತಿತ್ತು. ತಲೆನೋವು, ತಲೆಸುತ್ತು, ಕಳವಳ, ವಾಂತಿ ಕಾಣಿಸಿಕೊಂಡು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತಿದ್ದವು. ನಾಡಿ ಗಡುಸಾಗಿತ್ತು, ಕಣ್ಣಿನ ಅಕ್ಷಿಪಟಲದಲ್ಲಿಯೂ ವಿಕಾರ ಕಂಡಿತ್ತು. ಕೊನೆಗೆ ಆಕೆ ಹಠಾತ್ತನೆ ಕುಸಿದು ಮರಣಿಸಿದಳು. ಶವಪರೀಕ್ಷೆಯಲ್ಲಿ ಎರಡೂ ಮೂತ್ರಪಿಂಡಗಳ ಮೇಲಿನ ಅಡ್ರಿನಲ್ ಗ್ರಂಥಿಗಳಲ್ಲಿ ಗಡ್ಡೆಗಳು ಸಿಕ್ಕವು. ಫೆಲಿಕ್ಸ್ ಫ್ರೆಂಕೆಲ್ ಎಂಬ ವೈದ್ಯ 1886ರಲ್ಲಿ ಈ ಪ್ರಕರಣವನ್ನು ಪ್ರಕಟಿಸಿದ. ಗಡ್ಡೆಗಳು ಯಾವ ಸೂಚನೆಯನ್ನೂ ನೀಡದೆ ಸುಪ್ತವಾಗಿದ್ದವೆಂದೂ, ಜೊತೆಗೆ ಮೂತ್ರಪಿಂಡದ ಉರಿಯೂತವಿತ್ತೆಂದೂ ಆತನ ಲೇಖನದ ಶೀರ್ಷಿಕೆಯೇ ಹೇಳುತ್ತದೆ. ಗಡ್ಡೆಗಳಿಗೆ ಆತ ಕೊಟ್ಟ ಹೆಸರು ಸಾರ್ಕೋಮಾ.

ಈ ತೀರ್ಮಾನ ಸರಿಯಾಗಿರಲಿಲ್ಲ. ಗಡ್ಡೆಗಳು ಸುಪ್ತವಾಗಿರಲಿಲ್ಲ, ಆ ಎದೆಬಡಿತ, ಆ ಬೆವರು ಅವುಗಳದೇ ನುಡಿಯಾಗಿತ್ತು. ಆದರೆ ಆ ನುಡಿಯನ್ನು ಓದುವ ಸಾಧನಗಳು ಆಗ ಇರಲಿಲ್ಲ. ಕ್ಷ-ಕಿರಣ ಪತ್ತೆಯಾದದ್ದು 1895ರಲ್ಲಿ. ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ಉಪಕರಣವನ್ನು ರೀವಾ ರೊಚ್ಚಿ ಪ್ರಕಟಪಡಿಸಿದ್ದು 1896ರಲ್ಲಿ. ಅಡ್ರಿನಾಲಿನ್ ಎಂಬ ರಸವನ್ನು ಪ್ರತ್ಯೇಕಿಸಿದ ವಾರ್ತೆ ಹೊರಬಂದದ್ದು 1901ರಲ್ಲಿ.

ರೋಗಕ್ಕೆ ಹೆಸರು ಬಂದದ್ದು ಇನ್ನೂ ತಡವಾಗಿ. 1912ರಲ್ಲಿ ಲುಡ್ವಿಗ್ ಪಿಕ್ ಇದನ್ನು ಫಿಯೋಕ್ರೋಮೋಸೈಟೋಮಾ ಎಂದು ಕರೆದ. ಗ್ರೀಕ್ ಭಾಷೆಯಲ್ಲಿ ‘ಫಾಯೋಸ್’ ಎಂದರೆ ಮಬ್ಬುಗಪ್ಪು, ‘ಕ್ರೋಮ’ ಎಂದರೆ ಬಣ್ಣ. ಕ್ರೋಮಿಯಂ ಲವಣಕ್ಕೆ ಒಡ್ಡಿದಾಗ ಈ ಗಡ್ಡೆಯ ಜೀವಕೋಶಗಳು ಕಂದುಗಪ್ಪಾಗುವುದೇ ಹೆಸರಿನ ಮೂಲ. 1927ರಲ್ಲಿ ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ಮೇಯೊ ಇಂಥ ಗಡ್ಡೆಯನ್ನು ಯಶಸ್ವಿಯಾಗಿ ತೆಗೆದನಾದರೂ, ಒಳಗಿರುವುದು ಅದೇ ಎಂಬುದನ್ನು ತಿಳಿದು ಹೊಟ್ಟೆಯನ್ನು ತೆರೆದಿರಲಿಲ್ಲ.

ಇಂದಿಗೂ ಇದು ವೇಷ ಮರೆಸುವ ರೋಗವೇ. ಅಧಿಕ ರಕ್ತದೊತ್ತಡವಿರುವ ನೂರು ಜನರಲ್ಲಿ ಒಬ್ಬರಿಗೂ ಇದು ಇರುವುದಿಲ್ಲ. ತಲೆನೋವು, ಬೆವರು, ಎದೆಬಡಿತ ಒಟ್ಟಿಗೆ ಬಂದು ಹೋಗುವ ರೋಗಿಗೆ ಮನಸ್ಸಿನ ಆತಂಕವೆಂಬ ಹಣೆಪಟ್ಟಿ ಸುಲಭವಾಗಿ ಅಂಟುತ್ತದೆ. ಶಂಕೆ ಹುಟ್ಟಿದ ಮೇಲೆ ದಾರಿ ಸ್ಪಷ್ಟವಿದೆ. ರಕ್ತದಲ್ಲಿ ಅಥವಾ 24 ಗಂಟೆಗಳ ಮೂತ್ರದಲ್ಲಿ ಮೆಟನೆಫ್ರಿನ್ ಪ್ರಮಾಣವನ್ನು ನೋಡಬೇಕು. ಅದು ಏರಿದ್ದರೆ ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್, ಅಗತ್ಯವಿದ್ದರೆ ವಿಕಿರಣಶೀಲ ವಸ್ತು ಬಳಸುವ ಎಂಐಬಿಜಿ ಅಥವಾ ಪೆಟ್ ಸ್ಕ್ಯಾನ್. ಸ್ಕ್ಯಾನ್ ಗಡ್ಡೆಯಿರುವ ಜಾಗವನ್ನು ತೋರಿಸುತ್ತದೆ, ಅದರ ಸ್ವಭಾವವನ್ನು ರಾಸಾಯನಿಕ ಪರೀಕ್ಷೆ ತಿಳಿಸುತ್ತದೆ. ಕ್ರಮ ತಪ್ಪಿ, ಕಂಡ ಗಡ್ಡೆಗೆ ಮೊದಲೇ ಸೂಜಿ ಚುಚ್ಚಿದರೆ ರಕ್ತದೊತ್ತಡ ಒಮ್ಮೆಲೇ ಏರಿ ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದಲೇ ಶಸ್ತ್ರಚಿಕಿತ್ಸೆಗೆ ಮುನ್ನ ಔಷಧಿಯಿಂದ ಒತ್ತಡವನ್ನು ಹತೋಟಿಗೆ ತರುತ್ತಾರೆ. ಅಂತಃಸ್ರಾವ ತಜ್ಞ, ಸ್ಕ್ಯಾನ್ ಓದುವ ತಜ್ಞ, ಅರಿವಳಿಕೆ ತಜ್ಞ, ಶಸ್ತ್ರವೈದ್ಯ ಇವರೆಲ್ಲರೂ ಒಂದೇ ಪಠ್ಯದ ಬೇರೆ ಬೇರೆ ಪುಟಗಳನ್ನು ಓದುವವರು.

ಮಿನ್ನಾಳ ಪ್ರಕರಣ ಇಲ್ಲಿಗೆ ಮುಗಿಯಲಿಲ್ಲ. ಫ್ರೈಬುರ್ಗ್‌ನ ಸಂಶೋಧಕ ಹಾರ್ಟ್‌ಮುಟ್ ನಾಯ್ಮನ್ ಮತ್ತು ಸಂಗಡಿಗರು ಫ್ರೆಂಕೆಲ್‌ನ ಲೇಖನವನ್ನು ಮತ್ತೆ ಓದಿದರು. ಎಳೆಯ ವಯಸ್ಸು ಮತ್ತು ಎರಡೂ ಬದಿಯ ಗಡ್ಡೆ, ಇವೆರಡೂ ಆನುವಂಶಿಕತೆಯತ್ತ ಬೆರಳು ಮಾಡುತ್ತವೆ. ಆಕೆಯ ವಂಶದವರನ್ನು ಹುಡುಕಿ ಪರೀಕ್ಷಿಸಿದಾಗ ಬದುಕಿರುವ ಸಂಬಂಧಿಕರಲ್ಲಿ ಆರ್‌ಇಟಿ ಎಂಬ ವಂಶವಾಹಿಯ ದೋಷ ಪತ್ತೆಯಾಯಿತು. ಆ ಶೋಧ 2007ರಲ್ಲಿ ಪ್ರಕಟವಾಯಿತು. ಸರಿಯಾದ ನಿದಾನಕ್ಕೆ 121 ವರ್ಷಗಳು ಹಿಡಿದಿದ್ದವು.

ಹಸ್ತಪ್ರತಿಗಳೊಡನೆ ಕೆಲಸ ಮಾಡುವವರಿಗೆ ಇದು ಅಪರಿಚಿತ ಸಂಗತಿಯಲ್ಲ. ಲಿಪಿಕಾರ ಅರ್ಥ ತಿಳಿಯದೆಡೆಯಲ್ಲಿ ತನ್ನ ಊಹೆಯನ್ನು ತುರುಕದೆ ಕಂಡದ್ದನ್ನು ಕಂಡಂತೆ ಬರೆದಿಟ್ಟರೆ, ಮುಂದಿನವನು ಶುದ್ಧಪಾಠವನ್ನು ತಲುಪಬಲ್ಲ. ಫ್ರೆಂಕೆಲ್ ಕೊಟ್ಟ ಹೆಸರು ನಿಲ್ಲಲಿಲ್ಲ, ಅವನ ವರ್ಣನೆ ನಿಂತಿತು. ಆ ವರ್ಣನೆ ಮಿನ್ನಾಳನ್ನು ಉಳಿಸಲಿಲ್ಲ. ಆದರೆ ಆರ್‌ಇಟಿ ದೋಷವಿರುವುದು ಮೊದಲೇ ತಿಳಿದವರು ಇಂದು ಥೈರಾಯ್ಡ್ ಗ್ರಂಥಿಯನ್ನು ಕ್ಯಾನ್ಸರ್ ಹರಡುವ ಮುನ್ನವೇ ತೆಗೆಸಿಕೊಳ್ಳಬಹುದು. ಅಡ್ರಿನಲ್ ಗಡ್ಡೆಗಾಗಿ ವರ್ಷವರ್ಷವೂ ತಪಾಸಣೆ ಮಾಡಿಸಿಕೊಳ್ಳಬಹುದು.