ಅಷ್ಟಮಿಯ ಓಟ

ಓಡುವುದು ಮನುಷ್ಯನಿಗೆ ಯಾರೂ ಕಲಿಸದೆ ಬಂದ ವಿದ್ಯೆ. ಮಗು ನಡೆಯಲು ಕಲಿತ ಕೆಲವು ತಿಂಗಳಲ್ಲೇ ಓಡತೊಡಗುತ್ತದೆ. ಅದನ್ನು ಹಿಡಿದು ನಿಲ್ಲಿಸುವುದೇ ತಾಯಂದಿರ ಕಷ್ಟ. ಆದರೆ ನಲವತ್ತೆರಡು ವರ್ಷ ತುಂಬಿದ, ಇಪ್ಪತ್ತು ವರ್ಷ ಅಡಿಗೆಮನೆಯಿಂದ ಬಾವಿಕಟ್ಟೆಗೆ ನಡೆದುದೇ ದೊಡ್ಡ ಪ್ರಯಾಣವೆಂದುಕೊಂಡಿದ್ದ ಗೃಹಿಣಿಯೊಬ್ಬಳು ಆ ವಿದ್ಯೆಯನ್ನು ಮರಳಿ ಕಲಿಯಲು ಹೊರಟರೆ, ಊರಿಗೆ ಊರೇ ಅವಳನ್ನು ಹಿಡಿದು ನಿಲ್ಲಿಸಲು ಮುಂದಾಗುತ್ತದೆ.

ಉಪ್ಪುಂದ ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಿನ ಊರು. ದುರ್ಗಾಪರಮೇಶ್ವರಿಯ ದೇವಸ್ಥಾನ, ತೆಂಗಿನ ತೋಟ, ಗದ್ದೆ, ಅವನ್ನು ದಾಟಿದರೆ ಮಡಿಕಲ್ಲಿನ ಕಡಲತೀರ. ಈ ಸೀಮೆಯ ಎಷ್ಟೋ ಮನೆಗಳಂತೆ ಆಕೆಯ ಮನೆಯ ಗಂಡಸರೂ ಬೆಂಗಳೂರಿನಲ್ಲಿ ಹೋಟೆಲಿನ ವ್ಯವಹಾರದವರು. ಮನೆಯಲ್ಲಿ ಉಳಿದವರು ಆಕೆ ಮತ್ತು ಅತ್ತೆ. ಆಕೆ ಓಡಲು ತೊಡಗಿದ್ದು ಷೋಕಿಗಲ್ಲ. ರಕ್ತದಲ್ಲಿ ಸಕ್ಕರೆಯ ಅಂಶ ಗಡಿಗೆ ಬಂದು ನಿಂತಿದೆಯೆಂದು ವೈದ್ಯರು ಹೇಳಿದ್ದರು. ಆಕೆಯ ತಾಯಿ ಇದೇ ಕಾಯಿಲೆಯಿಂದ ಕಣ್ಣಿನ ಬೆಳಕನ್ನು ಕಳೆದುಕೊಂಡವರು. ಕೊನೆಯ ಆರು ವರ್ಷ ಮಗಳ ಮುಖವನ್ನು ಬೆರಳಿನಿಂದ ಮುಟ್ಟಿ ಗುರುತಿಸುತ್ತಿದ್ದರು.

ಮಗ ಬೆಂಗಳೂರಿನಿಂದ ಒಂದು ಜೊತೆ ಬೂಟು ಕಳುಹಿಸಿಕೊಟ್ಟ. ಡಿಸೆಂಬರಿನ ಒಂದು ಬೆಳಗಿನ ಜಾವ ಆಕೆ ಅವನ್ನು ತೊಟ್ಟು ಹೊರಬಿದ್ದಳು. ಹೆದ್ದಾರಿಯ ಬದಿಯಲ್ಲಿ ನಿಂತವರು "ಬಸ್ಸು ತಪ್ಪಿತಾ?" ಎಂದು ನಿಜವಾದ ಕಾಳಜಿಯಿಂದಲೇ ಕೇಳಿದರು. ಅತ್ತೆಯ ಪ್ರಶ್ನೆ ಇನ್ನೂ ನೇರವಾಗಿತ್ತು: "ಎಂತ, ಹುಲಿ ಅಟ್ಟಿಸ್ಕಂಡ್ ಬತ್ತಾ?"

ಆಕೆ ಸಮುದ್ರದ ಕಡೆಗೆ ತಿರುಗಿದಳು. ದೋಣಿಗಳನ್ನು ಎಳೆದಿಟ್ಟ ಸ್ಥಳದಿಂದ ಉತ್ತರಕ್ಕೆ ಒಂಟಿಯಾಗಿ ನಿಂತ ಗಾಳಿಮರದವರೆಗೆ ಹೋಗಿ ಬಂದರೆ ಎರಡು ಕಿಲೋಮೀಟರು. ಮೊದಲು ನೂರು ಹೆಜ್ಜೆ ಓಟ, ಇನ್ನೂರು ಹೆಜ್ಜೆ ನಡಿಗೆ. ಆಮೇಲೆ ಇನ್ನೂರು ಓಟ, ನೂರು ನಡಿಗೆ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಆಕೆ ಓಟದ ಲೆಕ್ಕವನ್ನೂ ಬರೆದಳು. ಫೆಬ್ರವರಿಯ ಮೊದಲ ವಾರ ಎರಡು ಕಿಲೋಮೀಟರನ್ನೂ ನಿಲ್ಲದೆ ಓಡಿ, ಹದಿನೆಂಟು ನಿಮಿಷವೆಂದು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಗೆರೆ ಎಳೆದಳು. ಆ ದಿನದ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಆದರೂ ಅತ್ತೆ ಏನೂ ಅನ್ನಲಿಲ್ಲ.

ಕೇಡು ಆರಂಭವಾದುದು ಅದರ ಮರುವಾರ. ಅದೇ ಬೂಟು, ಅದೇ ಆರು ಗಂಟೆ, ಅದೇ ಗಾಳಿಮರ. ಆದರೆ ಅರ್ಧ ದಾರಿಯಲ್ಲೇ ಎದೆ ಹೊಡೆದುಕೊಳ್ಳತೊಡಗಿತು, ಮೀನಖಂಡ ಕಲ್ಲಾಯಿತು. ಮರುದಿನ ಆ ಸಾಲವನ್ನು ತೀರಿಸುವೆನೆಂದು ಹಟದಿಂದ ವೇಗವಾಗಿ ಹೊರಟಳು. ಇನ್ನೂ ಬೇಗ ನಿಂತಳು. ಹೊಸದಾಗಿ ಓಡುವವರು ಮಾಡುವ ತಪ್ಪುಗಳಲ್ಲಿ ಇದರಷ್ಟು ಸಾಮಾನ್ಯವಾದುದು ಇನ್ನೊಂದಿಲ್ಲ. ಉಸಿರಿನ ಶಕ್ತಿ ಕೆಲವು ವಾರಗಳಲ್ಲಿ ಬೆಳೆಯುತ್ತದೆ. ಎಲುಬಿಗೂ ಸ್ನಾಯುವಿನ ಕಟ್ಟಿಗೂ ತಿಂಗಳುಗಳೇ ಬೇಕು. ಉಸಿರಿನ ಮಾತು ಕೇಳಿ ಹೊರಟವರ ಕಣಕಾಲು ಪ್ರತಿಭಟಿಸುತ್ತದೆ. ಆಕೆಯದೂ ಪ್ರತಿಭಟಿಸಿತು.

ನಾಲ್ಕು ದಿನ ಹೀಗೆಯೇ ನಡೆಯಿತು. ಐದನೆಯ ದಿನ ಬೂಟು ಅಟ್ಟಕ್ಕೆ ಏರಿತು. ನೆರೆಮನೆಯವರು ಕೇಳಿದಾಗ ಮೊಣಕಾಲು ನೋವೆಂದಳು. ದೇಹದಲ್ಲಿ ಮೊಣಕಾಲಿನಷ್ಟು ಉಪಕಾರಿಯಾದ ಅಂಗವಿಲ್ಲ, ಯಾವ ನೆಪಕ್ಕಾದರೂ ಒಗ್ಗುತ್ತದೆ. ನಿಜವಾಗಿ ನೋವಾಗಿದ್ದುದು ಬೇರೆ ಕಡೆ. ಊರಿನವರ ನಗೆಯನ್ನು ಆಕೆ ದಾಟಿದ್ದಳು. ಆದರೆ ತನ್ನ ಕಾಲೇ ತನ್ನನ್ನು ನಕ್ಕರೆ ಏನು ಮಾಡುವುದು? ಹದಿನೆಂಟು ನಿಮಿಷವೆಂದು ಗೆರೆ ಎಳೆದದ್ದು ಯಾರೋ ಬೇರೆಯವರ ಕೈಬರಹದಂತೆ ಕಂಡಿತು. ತಾಯಿಯ ಬೆರಳು ರಾತ್ರಿಯ ಕನಸಿನಲ್ಲಿ ಮುಖದ ಮೇಲೆ ಆಡಿದಂತಾಯಿತು.

ಇಂಥ ಅಳುಕು ಅಡಿಗೆಮನೆಯಿಂದ ಹೊರಟವರಿಗೆ ಮಾತ್ರ ಬರುವುದೆಂದು ತಿಳಿಯಬೇಕಾಗಿಲ್ಲ. ಇದೇ ಪಡುವಣ ಕಡಲಿನ ಕರೆಯಲ್ಲಿ, ಕೇರಳದ ಪಯ್ಯೋಳಿಯ ಮರಳಿನ ಮೇಲೆ ಓಡಿ ಬೆಳೆದ ಪಿ. ಟಿ. ಉಷಾ 1984ರಲ್ಲಿ ಲಾಸ್ ಏಂಜಲೀಸಿನ ಒಲಿಂಪಿಕ್ಸಿನಲ್ಲಿ 400 ಮೀಟರು ಹರ್ಡಲ್ಸ್ ಓಟದ ಕಂಚಿನ ಪದಕವನ್ನು ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಳೆದುಕೊಂಡರು. 1986ರ ಸೋಲ್ ಏಷ್ಯನ್ ಕ್ರೀಡೆಗಳಲ್ಲಿ ನಾಲ್ಕು ಚಿನ್ನ. ಎರಡೇ ವರ್ಷದಲ್ಲಿ, 1988ರಲ್ಲಿ, ಅದೇ ಸೋಲ್ ನಗರದ ಒಲಿಂಪಿಕ್ಸಿನಲ್ಲಿ ಪ್ರಾಥಮಿಕ ಸುತ್ತಿನಲ್ಲೇ ಹೊರಬಿದ್ದರು. ಉಷಾ ಮುಗಿದರೆಂದು ಹೇಳಿದವರಿಗೆ ಆಗ ಕೊರತೆಯಿರಲಿಲ್ಲ. 1989ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಮತ್ತೆ ನಾಲ್ಕು ಚಿನ್ನ, ಎರಡು ಬೆಳ್ಳಿ. ಅದೇ ಹರ್ಡಲ್ಸ್ ಓಟದಲ್ಲಿ 2010ರ ಗ್ವಾಂಗ್‌ಜೌ ಏಷ್ಯನ್ ಕ್ರೀಡೆಗಳ ಚಿನ್ನವನ್ನು ತಂದ ಅಶ್ವಿನಿ ಅಕ್ಕುಂಜಿ ಕುಂದಾಪುರ ಸೀಮೆಯದೇ ಆದ ಸಿದ್ದಾಪುರದ ಬಳಿಯ ಜನ್ಸಾಲೆಯವರು. ಪತ್ರಿಕೆಗಳು ಪದಕದ ದಿನದ ಚಿತ್ರವನ್ನು ಅಚ್ಚುಹಾಕುತ್ತವೆ. ಕಾಲು ಏಳದ ಬೆಳಗುಗಳ ಚಿತ್ರವನ್ನು ತೆಗೆಯುವವರು ಯಾರು?

ಆದರೆ ದೊಡ್ಡವರ ಕಥೆಯಿಂದ ಅಟ್ಟದ ಬೂಟು ಕೆಳಗಿಳಿಯುವುದಿಲ್ಲ. ಅದನ್ನು ಇಳಿಸಿದವನು ಬಲೆಯನ್ನು ಸರಿಪಡಿಸುತ್ತಿದ್ದ ಒಬ್ಬ ಮುದುಕ.

ಮೀನಿಗೆಂದು ತೀರಕ್ಕೆ ಹೋದ ದಿನ ಆತ ತಲೆಯೆತ್ತದೆ, ಓಟ ಬಿಟ್ಟದ್ದೇಕೆಂದು ಕೇಳಿದ. ಆಕೆ ಮೊಣಕಾಲನ್ನು ಮುಂದೊಡ್ಡಿದಳು. ಆತ ನಂಬಲಿಲ್ಲ. ಕಳೆದ ವಾರ ಆಕೆ ಏದುಸಿರು ಬಿಟ್ಟದ್ದನ್ನು ದೋಣಿಯ ಮರೆಯಿಂದ ಕಂಡಿದ್ದನಂತೆ. "ಗಂಟೆ ಕಂಡ್ ಬಂದ್ರೆ ಆತ್ತಾ ಅಮ್ಮ? ನೀರ್ ಕಂಡ್ ಬರ್ಕ್" ಎಂದ. ಮತ್ತೆ ಸೂಜಿಯ ಕಡೆಗೆ ಬಗ್ಗಿದ.

ಉಬ್ಬರವಿಳಿತಗಳು ಚಂದ್ರನನ್ನು ಅನುಸರಿಸುವುದರಿಂದ ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತವೆ. ಇಂದು ಬೆಳಿಗ್ಗೆ ಆರಕ್ಕೆ ನೀರು ಇಳಿದಿದ್ದರೆ, ವಾರದ ಮೇಲೆ ಅದೇ ಆರಕ್ಕೆ ನೀರು ಏರಿರುತ್ತದೆ. ಇಳಿತದ ವೇಳೆ ಅಲೆ ಬಿಟ್ಟುಹೋದ ಒದ್ದೆ ಮರಳು ಸಿಮೆಂಟಿನ ನೆಲದಂತೆ ಗಟ್ಟಿ. ಉಬ್ಬರದ ವೇಳೆ ಆ ದಾರಿ ನೀರಿನಡಿಯಲ್ಲಿದ್ದು, ಓಡುವವರ ಪಾಲಿಗೆ ಮೇಲಿನ ಸಡಿಲ ಮರಳೇ ಗತಿ. ಅಲ್ಲಿ ಹೆಜ್ಜೆ ಕುಸಿಯುತ್ತದೆ. ಒತ್ತಿದ ಬಲವನ್ನು ನೆಲ ಹಿಂದಕ್ಕೆ ಕೊಡುವುದಿಲ್ಲ. ಇಂಥ ಮರಳಿನಲ್ಲಿ ಓಡಲು ಗಟ್ಟಿ ನೆಲದಲ್ಲಿ ಬೇಕಾಗುವ ಶಕ್ತಿಯ ಸುಮಾರು 1.6 ಪಟ್ಟು ಬೇಕೆಂದು ಬೆಲ್ಜಿಯಂ ದೇಶದ ಸಂಶೋಧಕರು 1998ರಲ್ಲಿ ಅಳೆದು ತೋರಿಸಿದ್ದಾರೆ. ಮೊದಲ ಎರಡು ತಿಂಗಳೂ ಕಡಲು ಹೀಗೆಯೇ ಏರಿ ಇಳಿದಿತ್ತು. ನಡಿಗೆಯೇ ಹೆಚ್ಚಾಗಿದ್ದ ಆ ದಿನಗಳಲ್ಲಿ ಅದು ಆಕೆಯ ಗಮನಕ್ಕೆ ಬಂದಿರಲಿಲ್ಲ.

ಓಟಗಾರನ ಅರ್ಧ ನೆಲದಲ್ಲಿರುತ್ತದೆ. ಮಿಜಾರಿನ ಶ್ರೀನಿವಾಸ ಗೌಡರು 2020ರಲ್ಲಿ ಐಕಳದ ಕಂಬಳದಲ್ಲಿ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಅವರನ್ನು ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆಯಲಾಯಿತು. ಕೆಸರುಗದ್ದೆಯ ಓಟ ಹಿಮ್ಮಡಿಯದು, ಟ್ರ್ಯಾಕಿನದು ಕಾಲ್ಬೆರಳಿನದು, ಎರಡೂ ಬೇರೆಯೆಂದು ಅವರು ಒಪ್ಪಿಕೊಳ್ಳಲಿಲ್ಲ. ಲೋಕವೆಲ್ಲ ಹೊಗಳುತ್ತಿದ್ದಾಗ ಹೀಗೆ ಹೇಳಲು ಕಾಲಿಗಿಂತ ತಲೆ ಗಟ್ಟಿಯಿರಬೇಕು.

ಆ ಸಂಜೆ ಆಕೆ ಕ್ಯಾಲೆಂಡರಿನ ಮುಂದೆ ನಿಂತಳು. ಹಾಲಿನ ಲೆಕ್ಕದ ಮೇಲುಗಡೆ ತಿಥಿಗಳು ಅಚ್ಚಾಗಿದ್ದವು. ಎರಡು ತಿಂಗಳು ಅವನ್ನು ಆಕೆ ನೋಡಿಯೇ ಇರಲಿಲ್ಲ. ಗೆರೆ ಎಳೆದ ದಿನ ಹುಣ್ಣಿಮೆಯ ಪಕ್ಕದಲ್ಲಿತ್ತು. ಸೋತ ನಾಲ್ಕೂ ದಿನಗಳು ಅಷ್ಟಮಿಯ ಆಚೀಚೆ ಗುಂಪುಗಟ್ಟಿದ್ದವು. ಆಕೆ ಒಬ್ಬಳೇ ನಕ್ಕಳು. ಅತ್ತೆ ಒಳಗಿನಿಂದ ಏನಾಯಿತೆಂದು ಕೇಳಿದರು.

ಎಲ್ಲವೂ ಕಡಲಿನ ತಪ್ಪೆಂದರೆ ಅದೂ ಸುಳ್ಳು. ಮಾರ್ಚ್ ಬಂದಾಗ ಸೆಕೆ ಬಂತು. ಗಾಳಿಯಲ್ಲಿ ನೀರಿನ ಅಂಶ ಹೆಚ್ಚಿದಾಗ ಬೆವರು ಹರಿಯುತ್ತದೆ, ಆರುವುದಿಲ್ಲ. ಬೆವರು ಆರದೆ ಮೈ ತಣಿಯದು, ಗುಂಡಿಗೆ ಎರಡು ಕೆಲಸ ಮಾಡಬೇಕಾಗುತ್ತದೆ. ಅಂಥ ದಿನ ಮಾತಾಡುತ್ತ ಓಡಲಾಗುವಷ್ಟೇ ನಿಧಾನಕ್ಕೆ ಇಳಿಯುವುದನ್ನು ಆಕೆ ಕಲಿತಳು. ಮಾತಾಡಲು ಜೊತೆಗಾರರಿಲ್ಲದ್ದರಿಂದ ಬಾಯಲ್ಲಿ ಮಗ್ಗಿ ಹೇಳಿಕೊಂಡಳು. ಹದಿಮೂರರ ಮಗ್ಗಿ ನಿಂತಲ್ಲಿ ಓಟವೂ ನಡಿಗೆಯಾಗುತ್ತಿತ್ತು. ಗಡಿಯಾರ ವಾರಕ್ಕೆ ಒಂದೇ ದಿನ ಕೈಗೇರಿತು. ಒಮ್ಮೆ, ನೀರು ಇಳಿದು, ಗಾಳಿ ತಂಪಾಗಿ, ನಿದ್ದೆ ಚೆನ್ನಾಗಿ ಬಂದಿದ್ದ ಬೆಳಿಗ್ಗೆಯೂ ಕಾಲು ಏಳಲಿಲ್ಲ. ಕಾರಣ ಕೊನೆಗೂ ತಿಳಿಯಲಿಲ್ಲ. ಆಕೆ ಗಾಳಿಮರದ ಬುಡದಲ್ಲಿ ಕುಳಿತು, ನಾಡದೋಣಿಗಳು ಬರುವುದನ್ನು ನೋಡಿ, ನಡೆದೇ ಮನೆಗೆ ಬಂದು, ಕ್ಯಾಲೆಂಡರಿನಲ್ಲಿ "ಕುಳಿತದ್ದು" ಎಂದು ಬರೆದಳು. ಬೂಟು ಅಟ್ಟಕ್ಕೆ ಹೋಗಲಿಲ್ಲ.

ಅತ್ತೆ ಈಗಲೂ ಓಟವನ್ನು ಒಪ್ಪಿದವರಲ್ಲ. ಆದರೆ ಏಕಾದಶಿಯ ಉಪವಾಸ ತಪ್ಪಿಸದ ಅವರಿಗೆ ತಿಥಿಗಳೆಲ್ಲ ನಾಲಿಗೆಯ ತುದಿಯಲ್ಲಿವೆ. ರಾತ್ರಿ ದೀಪ ಆರಿಸುವ ಮೊದಲು, ಯಾರನ್ನೂ ಉದ್ದೇಶಿಸದವರಂತೆ ಗೋಡೆಯ ಕಡೆಗೆ ಮುಖ ಮಾಡಿ ಹೇಳುತ್ತಾರೆ:

"ನಾಳೆ ಬಿದಿಗೆ. ಆರೂವರೆಗೆ ಹೋದ್ರೆ ಸಾಕ್."