ಹೊರಳಿದ ಬೆಳಕಿನ ಸಾಕ್ಷಿ

ಚುನಾವಣಾ ವಾರ್ತೆಗಳ ದೆಸೆಯಿಂದ ‘ಧ್ರುವೀಕರಣ’ವೆಂದರೆ ಜನ ಬಣಗಳಾಗಿ ಒಡೆಯುವುದೆಂದೇ ನಾವು ಬಗೆಯುತ್ತೇವೆ. ಭೌತವಿಜ್ಞಾನದಲ್ಲಿ ಅದರ ಅರ್ಥ ಬೇರೆ: ಬೆಳಕಿನ ಕಂಪನ ಒಂದೇ ಸಮತಲದಲ್ಲಿ ನಿಲ್ಲುವುದು. ಗಡಿನಾಡಿನಲ್ಲಿ ಕನ್ನಡದಲ್ಲೇ ವಿಜ್ಞಾನ ಓದುವ ನಮ್ಮ ಮಕ್ಕಳಿಗೆ ಈ ಅರ್ಥವೇ ಮೊದಲು ದಕ್ಕಲೆಂಬುದು ನಮ್ಮ ಆಸೆ. ಕಾಂತಕ್ಷೇತ್ರದಲ್ಲಿರಿಸಿದ ಗಾಜನ್ನು ಹಾಯುವಾಗ ಆ ಸಮತಲ ತುಸು ಹೊರಳುವುದನ್ನು ಮೈಕೇಲ್ ಫ್ಯಾರಡೆ 1845ರಲ್ಲಿ ಕಂಡನು.

ಇಂಗ್ಲೆಂಡಿನ ಕಲ್ಹಮ್‌ನಲ್ಲಿ 1983ರಿಂದ 2023ರವರೆಗೆ ನಡೆದ ‘ಜೆಟ್’ ಪರಮಾಣು ಸಮ್ಮಿಲನ ಯಂತ್ರಕ್ಕೆ ಆ ಹೊರಳೇ ಅಳತೆಗೋಲಾಯಿತು. 10 ಕೋಟಿ ಡಿಗ್ರಿ ಮೀರಿ ಕಾದ ಪ್ಲಾಸ್ಮಾ ಗೋಡೆಗೆ ತಾಗದಂತೆ ಅಲ್ಲಿ ಹಿಡಿದಿಟ್ಟುದು ಕಾಂತಬಲ. ಕಾಂತರೇಖೆಗಳ ಹೊಸೆತ ಕೆಟ್ಟಿತೋ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲವೂ ಕುಸಿಯುತ್ತದೆ. ಅಷ್ಟು ಬಿಸಿಯ ನಡುವೆ ಯಾವ ಸಲಕರಣೆಯೂ ಉಳಿಯದು; ಆದುದರಿಂದ 195 ಮೈಕ್ರಾನ್ ತರಂಗದೂರದ, ಕಣ್ಣಿಗೆ ಕಾಣದ ಅವಕೆಂಪು ಲೇಸರನ್ನು ಹಾಯಿಸಿದರು. ತರಂಗದೂರ ಇಮ್ಮಡಿಸಿದರೆ ಹೊರಳು ನಾಲ್ಮಡಿ. ಅತಿಯಾದರೆ ಕಿರಣವೇ ದಾರಿ ಬಿಟ್ಟು ಬಾಗುತ್ತದೆ.

ಸಮ್ಮಿಲನವೆಂದೊಡನೆ ‘ಭೂಮಿಗಿಳಿದ ಸೂರ್ಯ’ ಎಂಬ ಉದ್ಗಾರ ಕೇಳಿಬರುತ್ತದೆ. ನಮಗೋ ಈ ಅಳತೆಗಾರರ ತಾಳ್ಮೆಯೇ ಹೆಚ್ಚು ಹಿಡಿಸುತ್ತದೆ. ಹೊರಬಂದ ಬೆಳಕು ಹೇಳುವುದು ಇಡೀ ದಾರಿಯ ಒಟ್ಟು ಹೊರಳನ್ನು. ಎಲೆಕ್ಟ್ರಾನುಗಳ ದಟ್ಟಣೆಯೂ ಅದರಲ್ಲಿ ಬೆರೆತಿರುತ್ತದೆ. ದಟ್ಟಣೆಯನ್ನು ಬೇರೆಯಾಗಿ ಅಳೆದು, ಹಲವು ಕಿರಣಗಳನ್ನು ತಾಳೆ ನೋಡಿದ ಮೇಲಷ್ಟೇ ಎಲ್ಲಿ ಎಷ್ಟು ಕಾಂತಬಲವಿತ್ತೆಂಬುದು ತಿಳಿಯುತ್ತದೆ.