ನಡಿಗೆಗೊಂದು ಕೆಲಸ, ತಟ್ಟೆಗೊಂದು ಕೆಲಸ

ಬೆಳಗಿನ ಆರು ಗಂಟೆಗೆ ಮತ್ತಿಕೆರೆಯ ಜೆ.ಪಿ. ಪಾರ್ಕಿಗೆ ಹೋದರೆ ಯಶವಂತಪುರದ ಅರ್ಧ ಊರೇ ಅಲ್ಲಿ ಸಿಗುತ್ತದೆ. ಹೆಬ್ಬಾಳದವರು ಕೆರೆಯ ದಡ ಹಿಡಿಯುತ್ತಾರೆ, ಜಕ್ಕೂರಿನವರಿಗೆ ಅವರದೇ ಕೆರೆ ಇದೆ. ಆರ್.ಟಿ. ನಗರದ ಅನೇಕರು ಹಾಲಿನ ಗಾಡಿ, ಬೀದಿನಾಯಿಗಳ ನಡುವೆ ಕ್ರಾಸ್ ರೋಡುಗಳಲ್ಲೇ ಸುತ್ತುತ್ತಾರೆ. ಜಾಗ ಬೇರೆಯಾದರೂ ಮಾತು ಒಂದೇ: ಶುಗರ್, ಮಂಡಿನೋವು, ತೂಕ. “ದಿನಾ ಐದು ಕಿಲೋಮೀಟರ್ ನಡೀತೀನಿ ಸಾರ್, ಹೊಟ್ಟೆ ಮಾತ್ರ ಕರಗ್ತಾ ಇಲ್ಲ” ಎಂದು ಒಬ್ಬರು ಅಂದರೆ, “ರಾತ್ರಿ ಅನ್ನ ಬಿಡಿ, ತಾನಾಗೇ ಇಳಿಯತ್ತೆ” ಎನ್ನುವವರು ಪಕ್ಕದಲ್ಲೇ ಇರುತ್ತಾರೆ. ನಡಿಗೆಯೋ ಪಥ್ಯವೋ ಎಂಬ ಈ ಚರ್ಚೆ ಪಾರ್ಕಿನ ಗೇಟು ದಾಟಿ ಎದುರಿನ ದರ್ಶಿನಿಯವರೆಗೂ ಮುಂದುವರಿಯುತ್ತದೆ.

ಲೆಕ್ಕವನ್ನೇ ನೋಡೋಣ. ಎಪ್ಪತ್ತು ಕಿಲೋ ತೂಕದ ಮನುಷ್ಯ ಸಮತಟ್ಟು ನೆಲದಲ್ಲಿ ಒಂದು ಕಿಲೋಮೀಟರ್ ನಡೆದರೆ ಸುಮಾರು 50 ಕಿಲೋಕ್ಯಾಲರಿ ಖರ್ಚಾಗುತ್ತದೆ. ಐದು ಕಿಲೋಮೀಟರಿಗೆ 250. ಎಣ್ಣೆಯ ಒಂದೊಂದು ಗ್ರಾಮಿನಲ್ಲೂ 9 ಕಿಲೋಕ್ಯಾಲರಿ ಇದೆ. ಅಂದರೆ ಎರಡು ದೊಡ್ಡ ಚಮಚ ಎಣ್ಣೆಗೆ ಆ ಇಡೀ ನಡಿಗೆ ಸರಿಹೋಯಿತು. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕಿಲೋಕ್ಯಾಲರಿ ಖರ್ಚಾಗಬೇಕು. ಉಣ್ಣುವುದರಲ್ಲಿ ಏನೂ ಬದಲಾಗದಿದ್ದರೆ ಒಂದು ತಿಂಗಳು ತಪ್ಪದೆ ನಡೆದಾಗ ಸಿಗುವ ಫಲ ಅಷ್ಟು. ಆದರೆ ನಡೆದು ಬಂದವನಿಗೆ ಹಸಿವೂ ಹೆಚ್ಚು, ಇವತ್ತು ದುಡಿದಿದ್ದೇನೆಂಬ ಸಮಾಧಾನವೂ ಹೆಚ್ಚು. ದರ್ಶಿನಿಯ ಖಾಲಿ ದೋಸೆಯ ಪಕ್ಕ ಒಂದು ವಡೆ ಬಂದು ಕೂರುವುದು ಆಗಲೇ.

ದೇಹಕ್ಕೂ ತನ್ನದೇ ಲೆಕ್ಕವಿದೆ. ಟಾಂಜಾನಿಯಾದ ಹಾಡ್ಜಾ ಜನರಲ್ಲಿ ಹಲವರು ಇವತ್ತಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ದಿನವೂ ಮೈಲುಗಟ್ಟಲೆ ನಡೆಯುತ್ತಾರೆ. ಸಂಶೋಧಕ ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು ಹಾಡ್ಜಾ ಜನರ ಶಕ್ತಿವ್ಯಯವನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಮೈಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅವರು ದಿನಕ್ಕೆ ಖರ್ಚು ಮಾಡುವ ಶಕ್ತಿ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಪಾಶ್ಚಾತ್ಯರದಷ್ಟೇ ಇತ್ತು. ಹೆಚ್ಚು ನಡೆಯುವ ರೂಢಿಗೆ ಹೊಂದಿಕೊಂಡ ದೇಹ ಬೇರೆ ಖರ್ಚುಗಳನ್ನು ಮೆಲ್ಲಗೆ ಕಡಿತ ಮಾಡುತ್ತದೆ ಎಂಬುದು ಪಾಂಟ್ಸರ್ ಅವರ ವಿವರಣೆ. ನಡಿಗೆಯೊಂದನ್ನೇ ನಂಬಿದವರ ತೂಕ ಯಾಕೆ ಕದಲುವುದಿಲ್ಲ ಎಂಬುದಕ್ಕೆ ಇದೂ ಒಂದು ಉತ್ತರವಿರಬಹುದು.

ಹಾಗಾದರೆ ಅನ್ನ ಬಿಟ್ಟು ರಾಗಿ ತಿಂದರೆ? ಉತ್ತರ ಬೆಂಗಳೂರಿನಲ್ಲಿ ಈ ಮಾತು ಬಂದರೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯವನ್ನು ದಾಟಿ ಹೋಗುವ ಹಾಗಿಲ್ಲ. ರೈತರು ಬಲ್ಲ ಜಿಪಿಯು-28 ರಾಗಿ ತಳಿ ಹುಟ್ಟಿದ್ದು ಅದರ ಜಿಕೆವಿಕೆ ಆವರಣದಲ್ಲೇ. ಅಲ್ಲಿನ ಕೃಷಿ ಮೇಳದಲ್ಲಿ ಸಿರಿಧಾನ್ಯದ ಮಳಿಗೆಗಳ ಮುಂದೆ ನಿಲ್ಲಲು ಜಾಗವಿರುವುದಿಲ್ಲ. ಭತ್ತ ಮತ್ತು ರಾಗಿಯ ಜಗಳವನ್ನು ಶ್ರೀರಾಮನ ಮುಂದೆ ತಂದು ರಾಗಿಯನ್ನು ಗೆಲ್ಲಿಸಿದ ಕನಕದಾಸರ ನಾಡು ಇದು. ರಾಗಿಯ ಮೇಲೆ ನನಗೂ ಅಪಾರ ಅಭಿಮಾನ. ಆದರೂ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಕೊಟ್ಟ ಪಟ್ಟಿಯನ್ನು ಒಮ್ಮೆ ನೋಡಬೇಕು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 356 ಕಿಲೋಕ್ಯಾಲರಿ, ರಾಗಿಯಲ್ಲಿ 320. ರಾಗಿ ದೊಡ್ಡದಾಗಿ ಗೆಲ್ಲುವುದು ನಾರಿನಲ್ಲಿ ಮತ್ತು ಕ್ಯಾಲ್ಸಿಯಂನಲ್ಲಿ: ಅಕ್ಕಿಯಲ್ಲಿ ಮೂರು ಗ್ರಾಮಿಗೂ ಕಡಿಮೆ ನಾರು, ರಾಗಿಯಲ್ಲಿ ಹನ್ನೊಂದು ಗ್ರಾಂ. ಹೊಟ್ಟೆ ಬೇಗ ತುಂಬುತ್ತದೆ, ಬಹಳ ಹೊತ್ತು ತಡೆಯುತ್ತದೆ. ಆದರೆ ಅನ್ನ ಬಿಟ್ಟೆನೆಂದು ಎರಡು ದಪ್ಪ ಮುದ್ದೆ ನುಂಗಿದರೆ ತಕ್ಕಡಿ ಸುಮ್ಮನೆ ಇಳಿಯುವುದಿಲ್ಲ.

ಹಿಟ್ಟು ತಿಂದವನು ಬೆಟ್ಟ ಕಿತ್ತಿಡುತ್ತಾನೆ ಎಂಬ ಗಾದೆಯಲ್ಲಿ ಬೆಟ್ಟ ಕೀಳುವ ಕೆಲಸವೂ ಸೇರಿದೆ. ಯಲಹಂಕ, ಜಕ್ಕೂರು, ಥಣಿಸಂದ್ರದ ಹಿರಿಯರು ಹೊಲ ಉತ್ತು, ಕಳೆ ಕಿತ್ತು, ಕಣದಲ್ಲಿ ರಾಗಿ ಬಡಿದು ಆ ಮುದ್ದೆ ಉಂಡವರು. ಹೊಲ ಲೇಔಟಾಯಿತು, ಮಗ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕುರ್ಚಿ ಹಿಡಿದ. ಮುದ್ದೆ ಮಾತ್ರ ಅಪ್ಪನ ಅಳತೆಯದೇ ಉಳಿಯಿತು. ಬದಲಾಗಬೇಕಾದದ್ದು ಈ ಅಳತೆ. ಅದೇ ಪೌಷ್ಟಿಕತಾ ಸಂಸ್ಥೆಯ 2024ರ ಮಾರ್ಗಸೂಚಿ 2,000 ಕಿಲೋಕ್ಯಾಲರಿಯ ದಿನದೂಟಕ್ಕೆ ಹೇಳುವುದು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ-ಸೊಪ್ಪು. ನಮ್ಮ ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳಿನ ಸಾರು, ಚಳಿಗಾಲದ ಅವರೆಕಾಳಿನ ಹುಳಿ ಇದಕ್ಕೆಂದೇ ಹುಟ್ಟಿದಂತಿವೆ. ಮುದ್ದೆ ಸಣ್ಣದಾಗಲಿ, ಬಸ್ಸಾರಿನ ಪಲ್ಯ ಎರಡು ಪಾಲಾಗಲಿ. ಇದಕ್ಕಿಂತ ಒಳ್ಳೆಯ ಪಥ್ಯ ಯಾವ ಪ್ಯಾಕೆಟ್ಟಿನಲ್ಲೂ ಸಿಗದು.

ಇಲ್ಲಿ ಅಡುಗೆ ಮಾಡುವವರ ಮಾತನ್ನೂ ಆಡಲೇಬೇಕು. ಬಹುತೇಕ ಮನೆಗಳಲ್ಲಿ ಕೊನೆಗೆ ಉಣ್ಣುವವಳು ತಾಯಿ. ಮಕ್ಕಳು ಬಿಟ್ಟ ಚಪಾತಿ, ತಳದಲ್ಲಿ ಉಳಿದ ಚಿತ್ರಾನ್ನ, ಅನ್ನ ಚೆಲ್ಲಬಾರದೆಂಬ ಭಯಭಕ್ತಿ ಎಲ್ಲವೂ ಅವಳ ತಟ್ಟೆಗೇ ಬಂದು ಸೇರುತ್ತವೆ. ಬೆಳಗಿನ ನಡಿಗೆಗೂ ಅವಳಿಗೆ ಬಿಡುವಿಲ್ಲ; ಆ ಹೊತ್ತಿಗೆ ಡಬ್ಬಿ ಕಟ್ಟಬೇಕು. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳಿಗಂತೂ ಬೆಳಗೂ ತನ್ನದಲ್ಲ, ಸಂಜೆಯೂ ತನ್ನದಲ್ಲ. “ದಿನಾ ಒಂದು ಗಂಟೆ ವಾಕ್ ಮಾಡಿ” ಎಂದು ಅವಳಿಗೆ ಹೇಳುವ ಮೊದಲು ಆ ಒಂದು ಗಂಟೆಯನ್ನು ಮನೆಯವರು ಹೊಂದಿಸಿಕೊಡಬೇಕು. ಅಕ್ಕಿಯನ್ನು ಒಂದು ಹಿಡಿ ಕಡಿಮೆ ಹಾಕುವುದು, ತಿಂಗಳಿಗೆ ತರುವ ಎಣ್ಣೆಯಲ್ಲಿ ಒಂದು ಪ್ಯಾಕೆಟ್ ಕಡಿಮೆ ಮಾಡುವುದು ಮನೆಯವರೆಲ್ಲ ಕೂಡಿ ಮಾಡುವ ತೀರ್ಮಾನ. ಒಬ್ಬರ ಪಥ್ಯಕ್ಕೆ ಬೇರೆ ಪಾತ್ರೆ ಇಟ್ಟ ಮನೆಯಲ್ಲಿ ಆ ಪಥ್ಯ ಹಬ್ಬದವರೆಗೂ ಬಾಳುವುದು ಕಷ್ಟ.

ಇಷ್ಟು ಹೇಳಿದೆನೆಂದು ಯಾರೂ ನಡಿಗೆ ನಿಲ್ಲಿಸಬೇಡಿ. ಇಳಿದ ತೂಕವನ್ನು ಇಳಿದಲ್ಲೇ ನಿಲ್ಲಿಸುವ ಕೆಲಸ ನಡಿಗೆಯದು. ಕನಿಷ್ಠ 13.6 ಕಿಲೋ ಇಳಿಸಿ, ಒಂದು ವರ್ಷವಾದರೂ ಹಾಗೇ ಉಳಿಸಿಕೊಂಡವರ ದಾಖಲೆಯೊಂದನ್ನು ಅಮೆರಿಕದಲ್ಲಿ 1994ರಲ್ಲಿ ಆರಂಭಿಸಿದರು. ಅವರಲ್ಲಿ ಹೆಚ್ಚಿನವರು ಊಟವನ್ನೂ ಬದಲಿಸಿದವರು, ದಿನಕ್ಕೆ ಸುಮಾರು ಒಂದು ಗಂಟೆ ಮೈ ದುಡಿಸಿದವರು. ಬರೀ ಉಪವಾಸದಿಂದ ಇಳಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ಕಾಪಾಡಲು ಭಾರ ಎತ್ತುವ, ಕೂತು ಏಳುವ ವ್ಯಾಯಾಮ ಬೇಕು. ತೂಕದ ಮುಳ್ಳು ಕದಲದಿದ್ದರೂ ನಡೆಯುವವನ ರಕ್ತದ ಸಕ್ಕರೆ, ಬಿ.ಪಿ., ನಿದ್ದೆ, ಮನಸ್ಸು ಸುಧಾರಿಸುತ್ತವೆ. ತಕ್ಕಡಿಯ ಜೊತೆಗೆ ಟೇಪನ್ನೂ ಹಿಡಿಯಿರಿ: ಭಾರತೀಯರಿಗೆ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80.

ತೂಕ ಇಳಿಸುವ ಹೊಣೆಯನ್ನು ತಟ್ಟೆಗೆ ಕೊಡಿ, ಆಯುಷ್ಯ ಕಾಯುವ ಹೊಣೆಯನ್ನು ಕಾಲಿಗೆ ಕೊಡಿ. ನಡೆದದ್ದಕ್ಕೆ ಬಹುಮಾನವೆಂದು ತಿನ್ನುವುದೂ ಬೇಡ, ತಿಂದದ್ದಕ್ಕೆ ದಂಡವೆಂದು ನಡೆಯುವುದೂ ಬೇಡ. ನಾಳೆ ಬೆಳಗ್ಗೆ ಕೆರೆ ಕಡೆ ಹೊರಡುವವರು ಮನೆಯಾಕೆಯನ್ನೂ ಕರೆದುಕೊಂಡು ಹೋಗಿ. ಬಂದ ಮೇಲೆ ಡಬ್ಬಿಯನ್ನು ಇಬ್ಬರೂ ಸೇರಿ ಕಟ್ಟಿ.